ಕುಂಭಕೋಣದಿಂದ ಕೇಂಬ್ರಿಜ್ಜಿಗೆ

ಕೊಡಗಿನಲ್ಲಿ ಹುಟ್ಟಿ, ನಮ್ಮ ಗದ್ದೆಗಳಿಗೆ ನೀರುಣಿಸಿ ಹರಿಯುವ ಕಾವೇರಿಯು ಕಡಲನ್ನು ಸೇರುವ ಮುನ್ನ ಕುಂಭಕೋಣವೆಂಬ ದೇವಾಲಯಗಳ ಊರನ್ನು ಹಾದುಹೋಗುತ್ತಾಳೆ. ಅಲ್ಲಿ ಒಂದು ಸರ್ಕಾರಿ ಕಾಲೇಜು ಉಂಟು. ಹಿಂದಿನ ಜನರು ಅದನ್ನು ಅಭಿಮಾನದಿಂದ ದಕ್ಷಿಣ ಭಾರತದ ಕೇಂಬ್ರಿಜ್ ಎಂದು ಕರೆಯುತ್ತಿದ್ದರು. ಈ ಕೇಂಬ್ರಿಜ್ಜಿನಲ್ಲಿ ನಪಾಸಾದ ಹುಡುಗನೊಬ್ಬನು ಮುಂದೆ ಆ ಕೇಂಬ್ರಿಜ್ಜಿನಲ್ಲಿ ಪದವೀಧರನಾದನು. ಅವರೇ ಗಣಿತಜ್ಞ ಶ್ರೀನಿವಾಸ ರಾಮಾನುಜನ್.

ರಾಮಾನುಜನ್ ಅವರು ಹುಟ್ಟಿದ್ದು 1887ನೆಯ ಡಿಸೆಂಬರ್ 22ರಂದು, ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆಯಂಗಡಿಯಲ್ಲಿ ಗುಮಾಸ್ತರು. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದರು. ಸುಮಾರು ಹದಿನೈದನೆಯ ವಯಸ್ಸಿನಲ್ಲಿ ಕಾರ್ ಎಂಬುವರು ಬರೆದ ಒಂದು ಗಣಿತ ಸಂಗ್ರಹವು ಹುಡುಗನ ಕೈಸೇರಿತು. ಸಾವಿರಾರು ಸೂತ್ರಗಳಿದ್ದ ಆ ಪುಸ್ತಕದಲ್ಲಿ ಸಾಧನೆಯ ವಿವರಗಳು ತೀರ ಕಡಿಮೆ. ಅವನ್ನೆಲ್ಲ ತಾವೇ ಹುಡುಕುತ್ತ ಹೋದ ರಾಮಾನುಜನ್‌ರಿಗೆ ಆ ಬಳಿಕ ಬೇರಾವ ವಿಷಯವೂ ರುಚಿಸಲಿಲ್ಲ.

1904ರಲ್ಲಿ ವಿದ್ಯಾರ್ಥಿವೇತನದೊಡನೆ ಸರ್ಕಾರಿ ಕಾಲೇಜನ್ನು ಸೇರಿದರು. ಗಣಿತದಲ್ಲೇ ಮುಳುಗಿ ಇಂಗ್ಲಿಷಿನಲ್ಲಿ ಸೋತರು, ವೇತನ ನಿಂತಿತು. ಬಡವರ ಮನೆಗೆ ಅದು ಸಣ್ಣ ಪೆಟ್ಟಲ್ಲ. 1905ರಲ್ಲಿ ಮನೆಯವರಿಗೆ ತಿಳಿಸದೆ ವಿಶಾಖಪಟ್ಟಣಕ್ಕೆ ಹೊರಟುಹೋದರು. ಮರಳಿ ಬಂದು 1906ರಲ್ಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜನ್ನು ಸೇರಿದರು. ಊರು ದೊಡ್ಡದಾಯಿತು, ಕಾಲೇಜು ಬೇರೆಯಾಯಿತು. ಪರೀಕ್ಷೆಯ ನಿಯಮ ಮಾತ್ರ ಅದೇ ಉಳಿಯಿತು. ಎಲ್ಲ ವಿಷಯಗಳಲ್ಲೂ ಪಾಸಾಗಬೇಕು. ಶರೀರಶಾಸ್ತ್ರದಲ್ಲಿ ಅವರಿಗೆ ಬಂದ ಅಂಕಗಳು ತೀರ ಅಲ್ಪ. ಎಫ್.ಎ. ಪರೀಕ್ಷೆಯಲ್ಲಿ ಎರಡು ಸಲ ಕುಳಿತರು, ಎರಡು ಸಲವೂ ನಪಾಸು. ಅಲ್ಲಿಗೆ ಅವರ ಕಾಲೇಜು ವ್ಯಾಸಂಗ ಮುಗಿಯಿತು.

ಮುಂದಿನ ವರ್ಷಗಳು ಅತಿ ಕಷ್ಟದವು. 1909ರಲ್ಲಿ ಬಾಲೆ ಜಾನಕಿಯೊಡನೆ ವಿವಾಹವಾಯಿತು. ಸಂಸಾರಕ್ಕೆ ಆಧಾರ ಬೇಕು, ಕೈಯಲ್ಲಿ ಪದವಿಯಿಲ್ಲ. ಕಾಗದಕ್ಕೆ ಹಣವಿಲ್ಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶವನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. 1911ರಲ್ಲಿ ಅವರ ಮೊದಲ ಪ್ರಬಂಧ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆಯ ಸಂಪಾದಕರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾದ ಎಂ.ಟಿ. ನಾರಣಯ್ಯಂಗಾರ್ಯರು ಎಂಬುದು ನಮಗೆ ಹೆಮ್ಮೆಯ ವಿಷಯ. ಅರ್ಥವಾಗದ ಹಸ್ತಪ್ರತಿಯನ್ನು ಅವರು ಬುಟ್ಟಿಗೆ ಹಾಕಲಿಲ್ಲ. ಮತ್ತೆ ಮತ್ತೆ ಹಿಂದಿರುಗಿಸಿ, ತಿದ್ದಿಸಿ, ಪ್ರಕಟಿಸಿದರು.

1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಿತು. ಅಲ್ಲಿಂದ ರಾಮಾನುಜನ್ ಇಂಗ್ಲೆಂಡಿನ ಗಣಿತಜ್ಞರಿಗೆ ಕಾಗದ ಬರೆದರು. ಕೆಲವರಿಂದ ಪ್ರೋತ್ಸಾಹ ದೊರೆಯಲಿಲ್ಲ. 1913ರ ಜನವರಿಯಲ್ಲಿ ಬರೆದ ಕಾಗದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಜಿ.ಎಚ್. ಹಾರ್ಡಿಯವರನ್ನು ತಲಪಿತು. ಹಾರ್ಡಿ ಮತ್ತು ಲಿಟಲ್‌ವುಡ್ ಇಬ್ಬರೂ ಕುಳಿತು ಆ ಸೂತ್ರಗಳನ್ನು ಪರಿಶೀಲಿಸಿ, ಬರೆದವನು ಅಸಾಧಾರಣ ಪುರುಷನೆಂದು ನಿಶ್ಚಯಿಸಿದರು.

ಅದೇ ವರ್ಷ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ನೀಡಿತು. ಆ ವೇತನವು ಎಂ.ಎ. ಪಾಸಾದವರಿಗೆ ಮೀಸಲು, ರಾಮಾನುಜನ್‌ರಿಗೆ ಎಫ್.ಎ. ಸಹ ಇರಲಿಲ್ಲ. ಎರಡು ಸಲ ನಪಾಸು ಮಾಡಿದ ವಿಶ್ವವಿದ್ಯಾನಿಲಯವೇ ಈಗ ತನ್ನ ನಿಯಮವನ್ನು ಬದಿಗಿಟ್ಟಿತು. ಟ್ರಿನಿಟಿ ಕಾಲೇಜೂ ಪ್ರಮಾಣಪತ್ರ ಕೇಳದೆ ಅವರನ್ನು ಸೇರಿಸಿಕೊಂಡಿತು. ಸಮುದ್ರಯಾನಕ್ಕೆ ತಾಯಿಯ ಒಪ್ಪಿಗೆ ದೊರೆತ ಮೇಲೆ, ಜುಟ್ಟು ತೆಗೆಸಿ, ಪ್ಯಾಂಟು ಕೋಟು ತೊಟ್ಟು, 1914ನೆಯ ಮಾರ್ಚ್ 17ರಂದು ಹಡಗನ್ನೇರಿದರು. ಕೇಂಬ್ರಿಜ್ ಆಗ ಸಂಶೋಧನೆಗೆ ಕೊಡುತ್ತಿದ್ದುದು ಬಿ.ಎ. ಪದವಿಯೇ. 1916ನೆಯ ಮಾರ್ಚ್ ತಿಂಗಳಲ್ಲಿ, ಅತಿ ಹೆಚ್ಚು ಭಾಜಕಗಳುಳ್ಳ ಸಂಖ್ಯೆಗಳನ್ನು ಕುರಿತ ಪ್ರಬಂಧಕ್ಕಾಗಿ, ರಾಮಾನುಜನ್ ಬಿ.ಎ. ಪದವಿ ಪಡೆದರು. ಮನೆಯ ಹತ್ತಿರ ದೊರೆಯದ ಎರಡಕ್ಷರವು ಏಳು ಸಮುದ್ರದಾಚೆ ದೊರೆಯಿತು!

ಆದರೆ ಅದರ ಬೆಲೆ ಅಲ್ಪವಲ್ಲ. ಮಹಾಯುದ್ಧ ಬಂದು ಲಿಟಲ್‌ವುಡ್ ಯುದ್ಧಸೇವೆಗೆ ಹೋದರು. ಶುದ್ಧ ಸಸ್ಯಾಹಾರಿಯಾದ ರಾಮಾನುಜನ್ ಕೋಣೆಯಲ್ಲಿ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಯುದ್ಧಕಾಲದಲ್ಲಿ ಬೇಕಾದ ಪದಾರ್ಥಗಳು ಸಿಗದಾದವು. ಚಳಿ, ಒಂಟಿತನ, ಹೊತ್ತುಗೊತ್ತಿಲ್ಲದ ಊಟ. 1917ರಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಟ್ರಿನಿಟಿಯ ಫೆಲೋ ಪದವಿಯೂ ಬಂದವು. ಟ್ರಿನಿಟಿಯಲ್ಲಿ ಆ ಗೌರವ ಪಡೆದ ಭಾರತೀಯರಲ್ಲಿ ಅವರೇ ಮೊದಲಿಗರು. ಕೀರ್ತಿ ಬಂದಾಗ ಅದನ್ನು ಅನುಭವಿಸುವ ಆರೋಗ್ಯ ಇರಲಿಲ್ಲ. 1919ರಲ್ಲಿ ತಾಯ್ನಾಡಿಗೆ ಹಿಂದಿರುಗಿ, 1920ನೆಯ ಏಪ್ರಿಲ್ 26ರಂದು ಮದರಾಸಿನಲ್ಲಿ ಕಣ್ಮುಚ್ಚಿದರು. ಆಗ ಅವರ ವಯಸ್ಸು ಕೇವಲ 32. ಕೊನೆಯ ದಿನಗಳಲ್ಲಿಯೂ ಲೆಕ್ಕ ಬಿಡಲಿಲ್ಲ. ಆ ಹಾಳೆಗಳು 1976ರಲ್ಲಿ ಟ್ರಿನಿಟಿಯ ಗ್ರಂಥಾಲಯದಲ್ಲಿ ಜಾರ್ಜ್ ಆ್ಯಂಡ್ರೂಸ್ ಅವರ ಕಣ್ಣಿಗೆ ಬಿದ್ದವು.

ಅಕಾಲ ಮರಣಕ್ಕಿಂತಲೂ, ಹದಿನೆಂಟರಿಂದ ಇಪ್ಪತ್ತೈದರವರೆಗೆ ಮಾರ್ಗದರ್ಶನವಿಲ್ಲದೆ ಕಳೆದ ವರ್ಷಗಳೇ ದೊಡ್ಡ ನಷ್ಟವೆಂದು ಹಾರ್ಡಿಯವರು ಭಾವಿಸಿದ್ದರು. ಇದನ್ನು ಓದಿದಾಗ ನನ್ನ ಮನಸ್ಸು ಅಲ್ಲಿಯೇ ನಿಂತಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ದೊಡ್ಡ ಪಟ್ಟಣದ ಹೆಸರಾಂತ ಕಾಲೇಜಿಗೆ ಹೋಗಬೇಕಿತ್ತೆಂದು ಗೆಳೆಯರೊಡನೆ ನಾನೂ ಎಷ್ಟೋ ಸಲ ಹಲುಬಿದ್ದೇನೆ. ಪಚ್ಚಯ್ಯಪ್ಪ ಕಾಲೇಜಿಗೆ ಹೋದರೂ ರಾಮಾನುಜನ್‌ರ ಪಾಡು ಬದಲಾಗಲಿಲ್ಲ. ಕಾಗದವನ್ನು ಕೂಲಂಕಷವಾಗಿ ಓದುವವರು ಸಿಕ್ಕಾಗ ಬದಲಾಯಿತು. ಅಂಥವರು ಬೆಂಗಳೂರಿನಲ್ಲಿಯೂ ಇದ್ದರು, ಕೇಂಬ್ರಿಜ್ಜಿನಲ್ಲಿಯೂ ಇದ್ದರು.

ಕೊನೆಯದಾಗಿ ಒಂದು ಸಂಗತಿ. 1918ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಅವರಿಗೆ ವರ್ಷಕ್ಕೆ 250 ಪೌಂಡು ಗೊತ್ತುಮಾಡಿತು. ಆ ಹಣ ತಮಗೆ ಹೆಚ್ಚಾಯಿತೆಂದೂ, ಮನೆಯ ಖರ್ಚು ಕಳೆದು ಉಳಿದದ್ದನ್ನು ಬಡ ಹುಡುಗರ ಮತ್ತು ಅನಾಥರ ಶಾಲಾ ಶುಲ್ಕಕ್ಕೂ ಪುಸ್ತಕಕ್ಕೂ ಬಳಸಬೇಕೆಂದೂ ರೋಗಶಯ್ಯೆಯಲ್ಲಿದ್ದ ರಾಮಾನುಜನ್ ಬರೆದು ತಿಳಿಸಿದರು. ವೇತನ ನಿಂತ ದಿನವನ್ನು ಅವರು ಮರೆತಿರಲಿಲ್ಲ.