ಮಕ್ಕಳಿಗೆ ಸ್ಟೆರಾಯ್ಡ್ ಮಾತ್ರೆ ವಿಷವೇ? ಡಾ. ಲಾಸನ್ ವಿಲ್ಕಿನ್ಸ್ ಬದುಕಿನಲ್ಲಿದೆ ಉತ್ತರ

ಸ್ಟೆರಾಯ್ಡ್ ಮಕ್ಕಳ ಮೂಳೆ ತಿನ್ನುತ್ತದೆ, ಬೆಳವಣಿಗೆ ನಿಲ್ಲಿಸುತ್ತದೆ, ಕೂಡಲೇ ಬಿಡಿಸಿ ಎನ್ನುವ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರಲ್ಲಿ ಅರ್ಧ ಸತ್ಯವಿದೆ. ವೈದ್ಯರನ್ನು ಕೇಳದೆ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗಿಸಿದರೆ ಅಪಾಯ ನಿಜ. ಆದರೆ ಅದೇ ಮೆಸೇಜ್ ಮಧುಗಿರಿಯಲ್ಲೋ ಪಾವಗಡದಲ್ಲೋ ಇರುವ ಒಬ್ಬ ತಾಯಿಯ ಫೋನಿಗೆ ಹೋಯಿತು ಅಂದುಕೊಳ್ಳಿ. ಆಕೆಯ ಮಗುವಿಗೆ ಸಿಎಎಚ್ ಎಂಬ ಕಾಯಿಲೆ ಇದೆ. ಮೆಸೇಜ್ ನಂಬಿ ಆಕೆ ಮಾತ್ರೆ ನಿಲ್ಲಿಸಿದರೆ, ಕೆಲವೇ ದಿನಗಳಲ್ಲಿ ಮಗುವಿನ ಪ್ರಾಣಕ್ಕೇ ಕುತ್ತು ಬರಬಹುದು.

ಈ ಮಕ್ಕಳು ಇಂದು ಬದುಕುತ್ತಿರುವುದರ ಹಿಂದೆ ಅಮೆರಿಕದ ಬಾಲ್ಟಿಮೋರ್‌ನ ಒಬ್ಬ ವೈದ್ಯರ ಶ್ರಮವಿದೆ. ಅವರೇ ಡಾ. ಲಾಸನ್ ವಿಲ್ಕಿನ್ಸ್.

ಏನಿದು ಸಿಎಎಚ್?

ಪೂರ್ತಿ ಹೆಸರು ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ. ಇದು ಹುಟ್ಟಿನಿಂದಲೇ ಬರುವ ಕಾಯಿಲೆ. ನಮ್ಮ ಎರಡೂ ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಮುಖ್ಯವಾಗಿ ಮೂರು ಬಗೆಯ ಹಾರ್ಮೋನ್ ತಯಾರಿಸುತ್ತವೆ. ಜ್ವರ, ಗಾಯದಂಥ ಒತ್ತಡ ತಡೆಯಲು ಕಾರ್ಟಿಸೋಲ್, ಮೈಯಲ್ಲಿ ಉಪ್ಪು ಉಳಿಸಿಕೊಳ್ಳಲು ಆಲ್ಡೊಸ್ಟೆರಾನ್, ಜೊತೆಗೆ ಸ್ವಲ್ಪ ಪುರುಷ ಹಾರ್ಮೋನ್. ಸಿಎಎಚ್ ಇರುವ ಮಗುವಿನಲ್ಲಿ ಸಾಮಾನ್ಯವಾಗಿ ಒಂದು ಕಿಣ್ವದ ಕೊರತೆಯಿಂದ ಮೊದಲೆರಡು ಸರಿಯಾಗಿ ತಯಾರಾಗುವುದಿಲ್ಲ. ಕಾರ್ಟಿಸೋಲ್ ಸಾಲದು ಎಂದು ಮೆದುಳು ಗ್ರಂಥಿಯನ್ನು ಒತ್ತಾಯಿಸುತ್ತಲೇ ಇರುತ್ತದೆ. ಗ್ರಂಥಿ ಊದಿಕೊಳ್ಳುತ್ತದೆ. ಮಿಕ್ಕ ಕಚ್ಚಾ ವಸ್ತುವೆಲ್ಲ ಪುರುಷ ಹಾರ್ಮೋನ್ ಆಗಿಬಿಡುತ್ತದೆ.

ಮನಸ್ಸಿಲ್ಲದೆ ಒಪ್ಪಿಕೊಂಡ ಕೆಲಸ

ವಿಲ್ಕಿನ್ಸ್ ಹುಟ್ಟಿದ್ದು 1894ರಲ್ಲಿ, ಬಾಲ್ಟಿಮೋರ್‌ನಲ್ಲಿ. ತಂದೆಯೂ ವೈದ್ಯರೇ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಓದಿ 1918ರಲ್ಲಿ ವೈದ್ಯರಾದರು. ನಂತರ ಸುಮಾರು 25 ವರ್ಷ ಅವರು ಊರಿನ ಸಾಮಾನ್ಯ ಮಕ್ಕಳ ಡಾಕ್ಟರ್. ಜ್ವರ, ಕೆಮ್ಮು, ಭೇದಿ ನೋಡಿಕೊಂಡೇ ಇದ್ದವರು.

1935ರಲ್ಲಿ ಹಾಪ್ಕಿನ್ಸ್‌ನ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥ ಎಡ್ವರ್ಡ್ಸ್ ಪಾರ್ಕ್ ಅವರು ಮಕ್ಕಳ ಹಾರ್ಮೋನ್ ಕ್ಲಿನಿಕ್ ಶುರುಮಾಡಲು ಕೇಳಿಕೊಂಡಾಗ ವಿಲ್ಕಿನ್ಸ್‌ಗೆ ಖುಷಿಯೇನೂ ಆಗಲಿಲ್ಲ. ಕಾರಣವಿತ್ತು. ಆಗ ಹಾರ್ಮೋನ್ ಹೆಸರಿನಲ್ಲಿ ಗ್ರಂಥಿಗಳ ರಸ ಮಾರಿ ದುಡ್ಡು ಮಾಡುವ ನಕಲಿ ಚಿಕಿತ್ಸೆಗಳೇ ಹೆಚ್ಚಿದ್ದವು. ಇಂದಿನ ಕೆಲವು ಫಾರ್ವರ್ಡ್‌ಗಳ ಹಾಗೆಯೇ! ಆದರೂ ಒಪ್ಪಿಕೊಂಡರು. ಪ್ರತಿ ಮಗುವಿನ ಎತ್ತರ, ತೂಕ, ಎಕ್ಸ್-ರೇಯಲ್ಲಿ ಮೂಳೆಯ ಬೆಳವಣಿಗೆ, ಎಲ್ಲವನ್ನೂ ವರ್ಷಗಟ್ಟಲೆ ದಾಖಲಿಸುತ್ತಾ ಹೋದರು. ಊಹೆಗಿಂತ ಅಳತೆ ಮುಖ್ಯ ಎಂಬುದೇ ಅವರ ದಾರಿಯಾಯಿತು.

ಉಪ್ಪಿಗಾಗಿ ಹಂಬಲಿಸಿದ ಹುಡುಗ

1940ರಲ್ಲಿ ವಿಲ್ಕಿನ್ಸ್, ಕರ್ಟ್ ರಿಕ್ಟರ್ ಎಂಬ ವಿಜ್ಞಾನಿಯ ಜೊತೆ ಒಂದು ಪ್ರಕರಣವನ್ನು ಪ್ರಕಟಿಸಿದರು. ಮೂರೂವರೆ ವರ್ಷದ ಒಬ್ಬ ಹುಡುಗ. ವಯಸ್ಸಿಗೆ ಮೀರಿದ ದೈಹಿಕ ಬೆಳವಣಿಗೆ ಇತ್ತೆಂದು ಆಸ್ಪತ್ರೆಗೆ ತಂದಿದ್ದರು. ಮನೆಯಲ್ಲಿ ಅವನು ಬಿಸ್ಕತ್ತಿನ ಮೇಲಿನ ಉಪ್ಪು ನೆಕ್ಕುತ್ತಿದ್ದ, ಬರೀ ಉಪ್ಪನ್ನೇ ತಿನ್ನುತ್ತಿದ್ದ. ಅವನು ಕಲಿತ ಮೊದಮೊದಲ ಮಾತುಗಳಲ್ಲಿ ಉಪ್ಪು ಎಂಬುದೂ ಒಂದು. ಆಸ್ಪತ್ರೆಯಲ್ಲಿ ಎಲ್ಲ ಮಕ್ಕಳಿಗೆ ಕೊಡುವ ಊಟವನ್ನೇ ಅವನಿಗೂ ಕೊಟ್ಟರು. ಏಳು ದಿನಗಳಲ್ಲಿ ಹುಡುಗ ತೀರಿಕೊಂಡ.

ಆಮೇಲೆ ತಿಳಿಯಿತು, ಅವನ ಅಡ್ರಿನಲ್ ಗ್ರಂಥಿಗಳು ಕೆಟ್ಟಿದ್ದವು. ಮೈಯಲ್ಲಿ ಉಪ್ಪು ನಿಲ್ಲುತ್ತಿರಲಿಲ್ಲ. ಹುಡುಗನದು ಹಠವಲ್ಲ, ಚಟವೂ ಅಲ್ಲ. ಅಷ್ಟು ದಿನ ಅವನನ್ನು ಬದುಕಿಸಿದ್ದೇ ಆ ಉಪ್ಪು.

ಬಾಟಲಿಯಲ್ಲಿ ಸಿಕ್ಕ ಉತ್ತರ

ಮುಂದಿನ ಹತ್ತು ವರ್ಷ ಈ ಕಾಯಿಲೆಗೆ ಸರಿಯಾದ ಮದ್ದೇ ಇರಲಿಲ್ಲ. 1948ರಲ್ಲಿ ಕಾರ್ಟಿಸೋನ್ ಎಂಬ ಸ್ಟೆರಾಯ್ಡನ್ನು ಮೊದಲ ಬಾರಿಗೆ ಕೀಲುವಾತದ ರೋಗಿಗೆ ಕೊಡಲಾಯಿತು. ದನಗಳ ಪಿತ್ತರಸದಿಂದ ತೆಗೆಯಬೇಕಾಗಿದ್ದ ಈ ಔಷಧಿ ಸಿಗುವುದೇ ಕಷ್ಟವಾಗಿತ್ತು.

1946ರಿಂದ ಪೂರ್ಣಾವಧಿಗೆ ಹಾಪ್ಕಿನ್ಸ್ ಸೇರಿದ್ದ ವಿಲ್ಕಿನ್ಸ್, 1950ರಲ್ಲಿ ಅದನ್ನು ಸಿಎಎಚ್ ಇದ್ದ ರೋಗಿಗೆ ಕೊಟ್ಟರು. ದಿನದ 24 ಗಂಟೆಯ ಮೂತ್ರವನ್ನು ಬಾಟಲಿಯಲ್ಲಿ ಸಂಗ್ರಹಿಸಿ 17-ಕೀಟೋಸ್ಟೆರಾಯ್ಡ್ ಎಂಬ ಅಂಶ ಅಳೆದರು. ಪುರುಷ ಹಾರ್ಮೋನ್ ಎಷ್ಟು ತಯಾರಾಗುತ್ತಿದೆ ಎಂದು ಹೇಳುವ ಅಳತೆ ಅದು. ಔಷಧಿ ಕೊಟ್ಟಾಗ ಆ ಅಂಕಿ ಸರ್ರನೆ ಇಳಿಯಿತು. ಮೈಗೆ ಬೇಕಾದ ಸ್ಟೆರಾಯ್ಡ್ ಹೊರಗಿನಿಂದ ಸಿಕ್ಕೊಡನೆ ಮೆದುಳು ಗ್ರಂಥಿಯನ್ನು ಒತ್ತಾಯಿಸುವುದು ನಿಲ್ಲಿಸಿತ್ತು. ಅದೇ ಹೊತ್ತಿಗೆ ಫ್ರೆಡರಿಕ್ ಬಾರ್ಟರ್ ತಂಡ ಕೂಡ ಬೋಸ್ಟನ್‌ನಲ್ಲಿ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡಿತು.

ಡೋಸ್ ಕಡಿಮೆಯಾದರೆ ಪುರುಷ ಹಾರ್ಮೋನ್ ಏರುತ್ತದೆ. ಮಗು ಬೇಗ ಎತ್ತರವಾಗಿ, ಮೂಳೆ ಬೇಗ ಬಲಿತು, ದೊಡ್ಡವರಾದಾಗ ಗಿಡ್ಡವಾಗಿಯೇ ಉಳಿಯುತ್ತದೆ. ಡೋಸ್ ಹೆಚ್ಚಾದರೆ ಮುಖ ಊದುತ್ತದೆ, ತೂಕ ಏರುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಫಾರ್ವರ್ಡ್ ಹೆದರಿಸುವುದು ಈ ಎರಡನೆಯದಕ್ಕೆ. ಅದಕ್ಕೆ ಪರಿಹಾರ ಅಳೆದು ಕೊಡುವುದು, ನಿಲ್ಲಿಸುವುದಲ್ಲ.

ವಿಲ್ಕಿನ್ಸ್ ಕ್ಲಿನಿಕ್‌ನ ಎಲ್ಲ ಸಲಹೆಗಳೂ ಇಂದು ಉಳಿದಿಲ್ಲ. ಪುರುಷ ಹಾರ್ಮೋನಿನಿಂದ ಜನನಾಂಗ ಬೇರೆ ರೀತಿ ಕಾಣುವ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ಶಸ್ತ್ರಚಿಕಿತ್ಸೆ ಮಾಡುವ ಪದ್ಧತಿ 1950ರ ದಶಕದಲ್ಲಿ ಅಲ್ಲಿಂದ ಹರಡಿತು. ಇಂದು ಅದನ್ನು ಅನೇಕರು ಪ್ರಶ್ನಿಸುತ್ತಾರೆ. ಆದರೆ ಅಳೆದು ಚಿಕಿತ್ಸೆ ಕೊಡುವ ವಿಧಾನ ಮಾತ್ರ ಉಳಿದಿದೆ. ವಿಲ್ಕಿನ್ಸ್ 1963ರಲ್ಲಿ ತೀರಿಕೊಂಡರು.

ಇಂದು ಏನು ಅಳೆಯುತ್ತಾರೆ?

ಈಗ ಮೂತ್ರದ ಬಾಟಲಿಯ ಬದಲು ಮುಖ್ಯವಾಗಿ ರಕ್ತ ಪರೀಕ್ಷೆ. 17-ಒಎಚ್‌ಪಿ, ಆಂಡ್ರೋಸ್ಟೀನ್‌ಡಯೋನ್, ಟೆಸ್ಟೋಸ್ಟೆರಾನ್ ನೋಡುತ್ತಾರೆ. ಉಪ್ಪಿನ ಸ್ಥಿತಿ ತಿಳಿಯಲು ಸೋಡಿಯಂ, ಪೊಟ್ಯಾಸಿಯಂ, ರೆನಿನ್. ಜೊತೆಗೆ ಎತ್ತರ, ತೂಕ, ಬಿಪಿ. ಸ್ವಲ್ಪ ದೊಡ್ಡ ಮಕ್ಕಳಿಗೆ ಎಡಗೈಯ ಎಕ್ಸ್-ರೇ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳಿಗೊಮ್ಮೆ ತಪಾಸಣೆ ಬೇಕು.

ಇಲ್ಲಿ ಎರಡು ವಿಷಯ ನೆನಪಿಡಿ. ಈ ಹಾರ್ಮೋನ್‌ಗಳು ಬೆಳಗ್ಗೆ ಒಂದು, ಸಂಜೆ ಒಂದು ಮಟ್ಟದಲ್ಲಿರುತ್ತವೆ. ಹಾಗಾಗಿ ರಕ್ತ ಕೊಟ್ಟ ಸಮಯ ಮತ್ತು ಮಾತ್ರೆ ಕೊಟ್ಟ ಸಮಯ ಎರಡನ್ನೂ ಬರೆದಿಡಿ. ಸಿರಾದಲ್ಲೋ ಕೊರಟಗೆರೆಯಲ್ಲೋ ರಕ್ತ ಕೊಟ್ಟು ಬೆಂಗಳೂರಿನ ತಜ್ಞರಿಗೆ ರಿಪೋರ್ಟ್ ತೋರಿಸುವವರಿಗೆ ಇದು ಬಹಳ ಮುಖ್ಯ. ಇನ್ನೊಂದು, 17-ಒಎಚ್‌ಪಿ ಸ್ವಲ್ಪ ಹೆಚ್ಚಿದೆ ಎಂದು ಗಾಬರಿಯಾಗಬೇಡಿ. ಅದು ಪೂರ್ತಿ ನಾರ್ಮಲ್ ಆಗುವಷ್ಟು ಔಷಧಿ ಕೊಟ್ಟರೆ ಡೋಸ್ ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ.

ಹೆತ್ತವರು ತಿಳಿದಿರಬೇಕಾದ್ದು

• ಐಸಿಎಂಆರ್ ಐದು ಮಹಾನಗರಗಳಲ್ಲಿ ಸುಮಾರು 1 ಲಕ್ಷ ಶಿಶುಗಳನ್ನು ಪರೀಕ್ಷಿಸಿದಾಗ ಹೆಚ್ಚು ಕಡಿಮೆ 6 ಸಾವಿರಕ್ಕೆ ಒಂದು ಮಗುವಿನಲ್ಲಿ ಸಿಎಎಚ್ ಕಂಡಿತು.
• ತಂದೆ ತಾಯಿ ಇಬ್ಬರಲ್ಲೂ ದೋಷವಿರುವ ಜೀನ್ ಇದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಸೋದರಮಾವ, ಅತ್ತೆಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾದರೆ ಈ ಸಾಧ್ಯತೆ ಹೆಚ್ಚು. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ.
• ಹುಟ್ಟಿದ ಒಂದೆರಡು ವಾರದಲ್ಲೇ ಮಗು ಹಾಲು ಕುಡಿಯದೆ, ವಾಂತಿ ಮಾಡುತ್ತಾ, ತೂಕ ಇಳಿದು ಸುಸ್ತಾದರೆ ಬಾಲಗ್ರಹ, ದೃಷ್ಟಿ ಎಂದು ಕಾಯಬೇಡಿ. ಗಂಡುಮಗು ಹೊರಗೆ ಸರಿಯಾಗಿಯೇ ಕಾಣುವುದರಿಂದ ಕಾಯಿಲೆ ಗೊತ್ತಾಗುವುದು ತಡವಾಗುತ್ತದೆ.
• ಹಸುಗೂಸಿಗೆ ಉಪ್ಪು ಬೇಡ ಎಂಬ ಮಾತು ಉಳಿದ ಮಕ್ಕಳಿಗೆ ಸರಿ. ಉಪ್ಪು ಸೋರಿಹೋಗುವ ಸಿಎಎಚ್ ಇರುವ ಮಗುವಿಗೆ ವೈದ್ಯರೇ ಅಳೆದು ಉಪ್ಪು ಕೊಡಲು ಹೇಳುತ್ತಾರೆ. ಪಾವಗಡದಂಥ ಬಿಸಿಲಿನಲ್ಲಿ ಬೆವರಿನ ಜೊತೆಯೂ ಉಪ್ಪು ಹೋಗುತ್ತದೆ, ಬೇಸಿಗೆಗೆ ಏನು ಮಾಡಬೇಕೆಂದು ಮೊದಲೇ ಕೇಳಿಡಿ.
• ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಡೋಸ್ ಸಾಮಾನ್ಯವಾಗಿ ಎರಡು ಮೂರು ಪಟ್ಟು ಹೆಚ್ಚಿಸಬೇಕಾಗುತ್ತದೆ. ನಿಮ್ಮ ಮಗುವಿಗೆ ಎಷ್ಟು ಎಂದು ವೈದ್ಯರಿಂದ ಬರೆಸಿಟ್ಟುಕೊಳ್ಳಿ. ಮಾತ್ರೆ ವಾಂತಿಯಾಗುತ್ತಿದ್ದರೆ ಇಂಜೆಕ್ಷನ್ ಬೇಕು, ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ.

ಸ್ಟೆರಾಯ್ಡ್ ಬಿಡಿಸಿ ಎನ್ನುವ ಮೆಸೇಜ್ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಆ ಉಪ್ಪಿನ ಹುಡುಗನನ್ನು ನೆನೆಯಿರಿ. ಬಾಲ್ಟಿಮೋರ್‌ನಲ್ಲಿ ಅವನನ್ನು ಉಳಿಸಲು ಔಷಧಿಯೂ ಇರಲಿಲ್ಲ, ತಿಳಿವಳಿಕೆಯೂ ಇರಲಿಲ್ಲ. ಇಂದು ಎರಡೂ ಇವೆ. ಗ್ರೂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ.