ಸತ್ತವರಿಗೆ ಸಲ್ಲಬೇಕಾದದ್ದು: ಸೊಫೋಕ್ಲಿಸ್‌ನ ಜೀವನ ಮತ್ತು ‘ಅಂತಿಗೊನೆ’ಯ ಪಾಠ

‘ಅಂತಿಗೊನೆ’ ನಾಟಕದ ಪಾಠಯೋಜನೆಗಳಲ್ಲಿ ಕವಿಪರಿಚಯಕ್ಕೆ ಸಾಮಾನ್ಯವಾಗಿ ನಾಲ್ಕು ಸಾಲು ಮೀಸಲು: ಕಾಲ, ಸ್ಥಳ, ಕೃತಿ, ಬಹುಮಾನ. ಸೊಫೋಕ್ಲಿಸ್‌ನ ವಿಷಯದಲ್ಲಿ ಅಷ್ಟು ಸಾಲದೆಂದು ನನ್ನ ಅಭಿಪ್ರಾಯ. ಸತ್ತವರಿಗೆ ಬದುಕಿರುವವರು ಏನು ಸಲ್ಲಿಸಬೇಕು ಎಂಬ ನಾಟಕದ ಪ್ರಶ್ನೆ ಅವನ ಊರನ್ನೂ ಕಾಡಿತ್ತು. ಆದ್ದರಿಂದ ನಾನು ಮೊದಲು ಅವನ ಜೀವನವನ್ನು ಕಥೆಯಂತೆ ಹೇಳಿ, ಅನಂತರ ಪಠ್ಯಕ್ಕೆ ಹೋಗುತ್ತೇನೆ.

ಅವನು ಹುಟ್ಟಿದ್ದು ಕ್ರಿ.ಪೂ. 496ರ ಸುಮಾರಿಗೆ, ಅಥೆನ್ಸ್ ಬಳಿಯ ಕೊಲೋನಸ್ ಎಂಬ ಹಳ್ಳಿಯಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಕ್ರಿ.ಪೂ. 468ರ ನಾಟಕಸ್ಪರ್ಧೆಯಲ್ಲಿ ಹಿರಿಯನಾದ ಈಸ್ಕಿಲಸ್‌ನನ್ನು ಸೋಲಿಸಿದ. ನೂರಕ್ಕೂ ಹೆಚ್ಚು ನಾಟಕ ಬರೆದ. ಪೂರ್ಣವಾಗಿ ಉಳಿದವು ಏಳು. ಅವನು ಬರಿಯ ಕವಿಯಲ್ಲ. ಖಜಾನೆಯ ಅಧಿಕಾರಿಯಾಗಿದ್ದ, ಕ್ರಿ.ಪೂ. 441ರ ಸುಮಾರಿಗೆ ಪೆರಿಕ್ಲಿಸ್‌ನ ಜೊತೆ ಸೇನಾಪತಿಯಾಗಿ ಸಾಮೋಸ್ ದ್ವೀಪದ ಯುದ್ಧಕ್ಕೂ ಹೋದ. ‘ಅಂತಿಗೊನೆ’ ರಂಗಕ್ಕೆ ಬಂದದ್ದೂ ಹೆಚ್ಚುಕಡಿಮೆ ಆಗಲೇ.

ನಾಟಕದಲ್ಲಿ ರಾಜ ಕ್ರೆಯಾನ್, ಊರಿನ ಮೇಲೆ ದಂಡೆತ್ತಿ ಬಂದು ಸತ್ತ ಪಾಲಿನೈಸಿಸ್‌ನ ಹೆಣವನ್ನು ಯಾರೂ ಹೂಳಬಾರದೆಂದು ಆಜ್ಞೆ ಮಾಡುತ್ತಾನೆ. ಅವನನ್ನು ಮೊದಲಿಗೇ ಖಳನೆಂದು ಕಲಿಸಬೇಡಿ. ದೇಶದ್ರೋಹಿಗಳಿಗೆ ತಮ್ಮ ನೆಲದಲ್ಲಿ ಸಮಾಧಿಯಿಲ್ಲ ಎಂಬುದು ಅಥೆನ್ಸಿನದೇ ಕಾನೂನಾಗಿತ್ತು. ಕ್ರೆಯಾನ್‌ಗೆ ಸಾವು ಆಳ್ವಿಕೆಯ ಆಯುಧ. ತಂಗಿ ಇಸ್ಮೆನೆಗೆ ಅದು ಭಯ. ಅಂತಿಗೊನೆಗೆ ಸತ್ತ ಅಣ್ಣ ಇನ್ನೂ ಅಣ್ಣನೇ. ಅವಳು ಹೆಣದ ಮೇಲೆ ಒಂದು ಹಿಡಿ ಮಣ್ಣು ಹಾಕುತ್ತಾಳೆ. ಆದರೆ ಜೀವಂತವಾಗಿ ಗುಹೆಗೆ ಹೋಗುವಾಗ, ಮದುವೆಯಿಲ್ಲದೆ, ಮಕ್ಕಳಿಲ್ಲದೆ ಸಾಯಬೇಕಲ್ಲ ಎಂದು ಅಳುತ್ತಾಳೆ. ಈ ಅಳುವನ್ನು ಪಾಠದಲ್ಲಿ ಬಿಡಬಾರದು; ಬಿಟ್ಟರೆ ಅವಳು ಬರಿಯ ಘೋಷಣೆಯಾಗುತ್ತಾಳೆ. ಕೊನೆಗೆ ಮಗನನ್ನೂ ಹೆಂಡತಿಯನ್ನೂ ಕಳೆದುಕೊಂಡ ಕ್ರೆಯಾನ್ ಸಾವನ್ನು ಬೇಡುತ್ತಾನೆ, ಅದು ಸಿಗುವುದಿಲ್ಲ. ಬದುಕಿರುವುದೇ ಅವನ ಶಿಕ್ಷೆ.

ನಾಟಕ ಬಂದು ಹತ್ತು ವರ್ಷಗಳಾಗಿರಬಹುದು, ಕ್ರಿ.ಪೂ. 430ರಲ್ಲಿ ಅಥೆನ್ಸಿಗೆ ಮಹಾಮಾರಿ ಬಡಿಯಿತು. ಶವಸಂಸ್ಕಾರದ ಕಟ್ಟಳೆಗಳೆಲ್ಲ ಕುಸಿದು, ಜನ ತಮ್ಮವರ ಹೆಣಗಳನ್ನು ಪರರ ಚಿತೆಯ ಮೇಲೆ ಎಸೆದು ಹೋದರೆಂದು ಥುಸಿಡಿಡೀಸ್ ದಾಖಲಿಸಿದ್ದಾನೆ. ಸೊಫೋಕ್ಲಿಸ್ ಅದನ್ನು ದಾಟಿ ಬದುಕಿದ. ಕ್ರಿ.ಪೂ. 406ರಲ್ಲಿ ಯೂರಿಪಿಡೀಸ್ ಸತ್ತ ಸುದ್ದಿ ಬಂದಾಗ, ತೊಂಬತ್ತರ ಹೊಸ್ತಿಲಲ್ಲಿದ್ದ ಅವನು ತನ್ನ ಪ್ರತಿಸ್ಪರ್ಧಿಗಾಗಿ ಶೋಕದ ಉಡುಪು ತೊಟ್ಟು, ಮೇಳದವರನ್ನು ಹೂಮಾಲೆಯಿಲ್ಲದೆ ಸಭೆಗೆ ಕರೆತಂದನೆಂದು ಪ್ರತೀತಿ. ಕೆಲವೇ ತಿಂಗಳಲ್ಲಿ ತಾನೂ ತೀರಿಕೊಂಡ. ಅವನ ಕೊನೆಯ ನಾಟಕ ‘ಕೊಲೋನಸ್ಸಿನ ಈಡಿಪಸ್’ ಅನ್ನು ಮೊಮ್ಮಗ ಕ್ರಿ.ಪೂ. 401ರಲ್ಲಿ ಆಡಿಸಿದ. ಅದರಲ್ಲಿ ಎಲ್ಲರೂ ಹೊರಗಟ್ಟಿದ ಮುದುಕನಿಗೆ ಕವಿಯ ಹುಟ್ಟೂರೇ ಕೊನೆಯ ತಾವು ಕೊಡುತ್ತದೆ; ಅವನ ಸಾವು ಆ ನೆಲಕ್ಕೆ ರಕ್ಷೆಯಾಗುತ್ತದೆ.

ಕನ್ನಡದಲ್ಲಿ ಈ ಪಾಠಕ್ಕೆ ಒಂದು ಜೋಡಿಯಿದೆ. ಸೊಫೋಕ್ಲಿಸ್‌ನ ‘ಏಜಾಕ್ಸ್’ ನಾಟಕದ ಮಾದರಿಯಲ್ಲಿ ಬಿ.ಎಂ.ಶ್ರೀ. 1929ರಲ್ಲಿ ‘ಅಶ್ವತ್ಥಾಮನ್’ ರಚಿಸಿದರು. ನಮ್ಮ ಪರಂಪರೆಯಲ್ಲಿ ಚಿರಂಜೀವಿಯಾದವನಿಗೆ ಅವರು ಸಾವನ್ನು ಕೊಟ್ಟರು. ಸಾವಿಲ್ಲದಿರುವುದು ವರವೋ ಶಾಪವೋ ಎಂದು ಕ್ರೆಯಾನ್‌ನನ್ನೂ ಅಶ್ವತ್ಥಾಮನನ್ನೂ ಎದುರಿಟ್ಟು ಕೇಳಬಹುದು.

ಅಭ್ಯಾಸ ಬೋಧನೆಗೆ ಹೋಗುವವರಿಗೆ ಒಂದು ಮಾತು. ಯಾರು ಸರಿ ಎಂಬ ಪ್ರಶ್ನೆಗೆ ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ, ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಹಗೆಯ ಹೆಣಕ್ಕೂ ಮಣ್ಣು ಸಲ್ಲಬೇಕೆ, ಏಕೆ ಎಂದು ಕೇಳಿ. ತರಗತಿಯಲ್ಲಿ ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡ ಮಗು ಇದೆಯೇ ಎಂದು ತರಗತಿ ಶಿಕ್ಷಕರಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಇದ್ದರೆ ಆ ಮಗುವಿಗೆ ನೇರ ಪ್ರಶ್ನೆ ಬೇಡ. ತಾನಾಗಿ ಮಾತಾಡಿದರೆ ಗಂಟೆ ಹೊಡೆದರೂ ಪೂರ್ತಿ ಕೇಳಿಸಿಕೊಳ್ಳಿ.