ಪಿಟೀಲು ಚೌಡಯ್ಯ

ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಾಗಲಿ, ಬಳ್ಳಾರಿಯ ರಾಘವ ಕಲಾಮಂದಿರದಲ್ಲಾಗಲಿ ಇಂದು ಸಂಗೀತ ಕೇಳುವವರಿಗೆ ಧ್ವನಿವರ್ಧಕದ ನೆರವಿದೆ. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಗಾಯಕನ ಮೆಲುದನಿ ಕೇಳಿಸುತ್ತದೆ. ತಂಬೂರಿಯಂತೆ ಶ್ರುತಿ ಹಿಡಿಯುವ, ಕೈಯಲ್ಲಿ ಕೊಂಡೊಯ್ಯಬಹುದಾದ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಬಂದಿವೆ. ವಿದ್ಯುತ್ತಿನ ಈ ಸಹಾಯ ನಮ್ಮ ಸಭೆಗಳಿಗೆ ಒದಗುವ ಮುನ್ನ, ನಾದವನ್ನು ದೂರಕ್ಕೆ ಮುಟ್ಟಿಸುವ ಉಪಾಯವನ್ನು ವಾದ್ಯದ ಮೈಯಲ್ಲಿಯೇ ಹುಡುಕಿದ ಕನ್ನಡಿಗರೊಬ್ಬರಿದ್ದರು. ಅವರೇ ಪಿಟೀಲು ಚೌಡಯ್ಯನವರು.

ಚೌಡಯ್ಯನವರು 1895ರಲ್ಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ ಜನಿಸಿದರು. 1910ರಲ್ಲಿ ಮೈಸೂರಿನ ಪ್ರಸಿದ್ಧ ಗಾಯಕರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳು ಶಿಸ್ತಿಗೆ ಹೆಸರಾದವರು. ಅಭ್ಯಾಸದಲ್ಲಿ ಅವರ ಬಳಿ ರಿಯಾಯಿತಿ ಇರಲಿಲ್ಲ. ಗಾಯಕರ ಬಳಿ ಕಲಿತುದರಿಂದ ಚೌಡಯ್ಯನವರ ಕಮಾನಿಗೆ ಹಾಡುಗಾರಿಕೆಯ ಹದವೇ ಬಂದಿತು.

ಪಕ್ಕವಾದ್ಯಗಾರನ ಕೆಲಸ ಸುಲಭವಾದುದಲ್ಲ. ಗಾಯಕನ ದನಿಯನ್ನು ನೆರಳಿನಂತೆ ಅನುಸರಿಸಬೇಕು; ತನ್ನ ಸರದಿ ಬಂದಾಗ ತಾನೇ ಸಭೆಯನ್ನು ತುಂಬಬೇಕು. ಆದರೆ ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ನಾಲ್ಕು ತಂತಿಗಳ ಪಿಟೀಲಿನ ಎಳೆದನಿ ದೊಡ್ಡ ಸಭೆಯ ಹಿಂದಿನ ಸಾಲುಗಳನ್ನು ಮುಟ್ಟುತ್ತಿರಲಿಲ್ಲ. ಎಷ್ಟು ನುಡಿಸಿದರೇನು? ಕೇಳದ ನಾದ ಕೇಳುಗನ ಪಾಲಿಗೆ ಇಲ್ಲದ ನಾದವೇ ಸರಿ.

ಈ ಕೊರತೆಯನ್ನು ನೀಗಿಸಲು ಚೌಡಯ್ಯನವರು 1927ರಲ್ಲಿ ಒಂದು ಹೊಸ ಪ್ರಯೋಗ ಮಾಡಿದರು. ಮೂಲ ತಂತಿಗಳಿಗೆ ಜೊತೆಯಾಗಿ ಮತ್ತೆ ಮೂರು ತಂತಿಗಳನ್ನು ಕೂಡಿಸಿ, ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ಹೇಳುವುದಕ್ಕೆ ಇದು ಸಣ್ಣ ಮಾತು. ಆದರೆ ಪ್ರತಿಯೊಂದು ಹೊಸ ತಂತಿಗೂ ಒಂದು ಬಿರಡೆ ಬೇಕು, ಕುದುರೆಯ ಮೇಲೆ ತಕ್ಕ ಸ್ಥಳ ಬೇಕು. ತಂತಿಗಳ ಬಿಗಿತವನ್ನೆಲ್ಲ ಆ ಹಗುರವಾದ ಮರದ ಒಡಲು ತಾಳಿಕೊಳ್ಳಬೇಕು. ಜೊತೆ ತಂತಿ ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಅಪಸ್ವರ ಎದ್ದು ಕೇಳುತ್ತದೆ. ನಾಲ್ಕು ತಂತಿಗಳಲ್ಲಿ ಪಳಗಿದ ಬೆರಳುಗಳು ಮತ್ತೆ ಮೊದಲಿನಿಂದ ಪಾಠ ಕಲಿಯಬೇಕು. ಹೆಸರು ಗಳಿಸುತ್ತಿದ್ದ ಕಲಾವಿದನಿಗೆ ಇದು ಗಳಿಸಿದುದನ್ನೇ ಪಣಕ್ಕಿಡುವ ಸಾಹಸವಾಗಿತ್ತು.

ಚೌಡಯ್ಯನವರು ಹಿಂಜರಿಯಲಿಲ್ಲ. ಆ ವಾದ್ಯವನ್ನು ಕಚೇರಿಗಳಿಗೇ ಕೊಂಡೊಯ್ದು ನುಡಿಸಿದರು. ಅದರ ತುಂಬುನಾದ ಸಭೆಯನ್ನು ವ್ಯಾಪಿಸಿತು. ಚೆಂಬೈ ವೈದ್ಯನಾಥ ಭಾಗವತರಂತಹ ಮಹಾಗಾಯಕರಿಗೆ ಅವರು ನೆಚ್ಚಿನ ಪಕ್ಕವಾದ್ಯಗಾರರಾದರು. ಮುಂದೆ ಹತ್ತೊಂಬತ್ತು ತಂತಿಗಳ ಪಿಟೀಲನ್ನೂ ನುಡಿಸಿದರು. ಆದರೂ ಅವರ ಹೆಸರಿನೊಡನೆ ನಿಂತುದು ಏಳು ತಂತಿಯದೇ. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿ ಅವರಿಗೆ ಸಂದಿತು. 1967ರ ಜನವರಿ 19ರಂದು ಅವರು ತೀರಿಕೊಂಡರು.

ಧ್ವನಿವರ್ಧಕ ಎಲ್ಲೆಡೆ ಹರಡಿದ ಮೇಲೆ ಹೆಚ್ಚಿನ ತಂತಿಗಳ ಅಗತ್ಯ ಕಡಿಮೆಯಾಯಿತು. ಬಹುಮಂದಿ ವಾದಕರು ನಾಲ್ಕು ತಂತಿಗಳಲ್ಲಿಯೇ ಉಳಿದರು. ಹಾಗಾದರೆ ಚೌಡಯ್ಯನವರ ಶ್ರಮ ವ್ಯರ್ಥವಾಯಿತೇ? ಇಲ್ಲ. ಪಿಟೀಲೆಂಬುದೇ ಪಶ್ಚಿಮದಿಂದ ಬಂದು, ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲುಸ್ವಾಮಿ ದೀಕ್ಷಿತರಂತಹವರ ಕೈಯಲ್ಲಿ ನಮ್ಮದಾದ ವಾದ್ಯ. ಕಾಲದ ಅಗತ್ಯಕ್ಕೆ ತಕ್ಕಂತೆ ವಾದ್ಯವನ್ನು ತಿದ್ದಿಕೊಳ್ಳುವುದೂ ಒಂದು ಪರಂಪರೆಯೇ. ಆ ಪರಂಪರೆಗೆ ಅವರು ತಮ್ಮ ಕಾಣಿಕೆಯನ್ನು ಸಲ್ಲಿಸಿದರು.

ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನವು ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ಕೊನೆಯ ಸಾಲಿನ ಕೇಳುಗನನ್ನೂ ಮರೆಯದಿದ್ದ ಕಲಾವಿದನಿಗೆ ಸಾವಿರಾರು ಕೇಳುಗರು ಬಂದು ಕೂಡುವ ಮನೆಗಿಂತ ತಕ್ಕ ಸ್ಮಾರಕ ಬೇರೊಂದಿಲ್ಲ.